ಅಳಿಸಿಹೋದ ರಾಜ್ಯಕ್ಕೆ ಒಂದು ಬೀಜ

ಪುಟಾಣಿಗಳೇ, ಅವರ ಪಕ್ಕದಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಕೂತಿರುವ ಅಜ್ಜ-ಅಜ್ಜಿಯರೇ,

ಈ ವಾರ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ತಿಂಗಳು ಒಂದು ಮಧ್ಯಾಹ್ನ ನಾನು ಇಡೀ ಒಂದು ರಾಜ್ಯವನ್ನೇ ಅಳಿಸಿಹಾಕಿದೆ. ಅದರಲ್ಲಿ 41 ಊರುಗಳಿದ್ದವು, ಮೂರು ನದಿಗಳಿದ್ದವು, ಯಾರೂ ಹತ್ತಬಾರದ ಒಂದು ಬೆಟ್ಟವಿತ್ತು. ಅಷ್ಟನ್ನೂ ಅಳಿಸಲು ಬೇಕಾದದ್ದು ಮೌಸಿನ ಒಂದೇ ಒಂದು ಕ್ಲಿಕ್ಕು.

ರಾಜ್ಯ ನನ್ನ ಮೊಮ್ಮಗಳದು. ಏಳನೇ ತರಗತಿಯ ಹುಡುಗಿ. ಬೇಸಿಗೆ ರಜೆಯ ರಾತ್ರಿಗಳಲ್ಲಿ ಅವಳ ಅಜ್ಜಿ ಉಪ್ಪು ಮಾರುವವನೊಬ್ಬನ ಕಥೆ ಹೇಳುತ್ತಿದ್ದಳು. ಅವನು ಕಡಲತೀರದ ಉಪ್ಪಿನಕೋಟೆಯಿಂದ ಹೊರಟು, ಎತ್ತಿನ ಬೆನ್ನಿಗೆ ಮೂಟೆ ಹೇರಿ, ಏಳು ದಿನ ನಡೆದು ಗೂಬೆಗುಡ್ಡದ ರಾಜನ ಊರು ತಲುಪಬೇಕು. ದಿನಕ್ಕೊಂದು ಊರಿನಲ್ಲಿ ತಂಗುತ್ತಾನೆ, ಊರಿಗೊಂದು ಕಥೆ, ಆ ಕಥೆಯೊಳಗೆ ಮತ್ತೆ ನಾಲ್ಕಾರು ಊರು. ಅಜ್ಜಿ ಒಳ್ಳೆಯ ಕಥೆಗಾರ್ತಿ, ಆದರೆ ದಿಕ್ಕಿನ ವಿಷಯದಲ್ಲಿ ಸ್ವಲ್ಪ ಸಡಿಲ. “ನಿನ್ನೆ ಹುಣಸೆಕೊಪ್ಪ ಹೊಳೆಯ ಆಚೆ ಇತ್ತಲ್ಲ ಅಜ್ಜಿ, ಇವತ್ತು ಈಚೆ ಹೇಗೆ ಬಂತು?” ಎಂದು ಮೊಮ್ಮಗಳು ಹಿಡಿದು ಕೇಳಿದ ರಾತ್ರಿಯೇ ತೀರ್ಮಾನವಾಯಿತು, ಈ ನಾಡಿಗೊಂದು ನಕ್ಷೆ ಬೇಕು.

ಇಲ್ಲದ ನಾಡಿಗೆ ನಕ್ಷೆ ಬರೆಯಲೆಂದೇ ತಂತ್ರಾಂಶಗಳಿವೆ ಎಂದರೆ ಕೆಲವು ಅಜ್ಜಂದಿರು ನಗಬಹುದು. ನಾನೂ ನಕ್ಕಿದ್ದೆ. ಇಂಕಾರ್ನೇಟ್, ವಂಡರ್‌ಡ್ರಾಫ್ಟ್, ಕ್ಯಾಂಪೇನ್ ಕಾರ್ಟೋಗ್ರಾಫರ್ ಹೀಗೆ ಹಲವು. ಕಥೆ ಬರೆಯುವವರು, ಕೂತು ಆಡುವ ಸಾಹಸದ ಆಟಗಳನ್ನು ಆಡುವವರು ಇವನ್ನು ಬಳಸುತ್ತಾರೆ. ನಾವು ಆರಿಸಿಕೊಂಡದ್ದು ಅಜ್‌ಗಾರ್ ಎಂಬ ಹೆಸರಿನಲ್ಲಿ ಬರೆಯುವ ಪ್ರೋಗ್ರಾಮರ್ ಮಾಡಿದ ‘ಫ್ಯಾಂಟಸಿ ಮ್ಯಾಪ್ ಜನರೇಟರ್’. ದುಡ್ಡು ಕೊಡಬೇಕಿಲ್ಲ, ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ. ಪುಟ ತೆರೆದ ಕೂಡಲೇ ಅದು ತಾನಾಗಿ ಒಂದು ನಾಡನ್ನು ಹುಟ್ಟಿಸಿ ಎದುರಿಗಿಡುತ್ತದೆ: ಕಡಲು, ಬೆಟ್ಟ, ನದಿ, ರಾಜ್ಯಗಳ ಗಡಿ, ಊರುಗಳು, ಅವಕ್ಕೆ ಹೆಸರುಗಳು ಸಹ. ಬೇಡವಾದದ್ದನ್ನು ಬದಲಿಸುತ್ತ ಹೋಗುವುದು ನಮ್ಮ ಕೆಲಸ. ಮೊಬೈಲಿನ ಪುಟ್ಟ ಪರದೆಯಲ್ಲಿ ಒದ್ದಾಡಬೇಡಿ, ಕಂಪ್ಯೂಟರೇ ವಾಸಿ.

ಎರಡು ತಿಂಗಳು ಅಜ್ಜಿ ಹೇಳುವುದು, ಮೊಮ್ಮಗಳು ಊರಿನ ಹೆಸರು ತಿದ್ದುವುದು ನಡೆಯಿತು. ಆಮೇಲೆ ನಾನು ಬಂದೆ.

ಕಂಪ್ಯೂಟರು ನಿಧಾನವಾಗಿದೆ ಎಂದು ಮಗ ಫೋನಿನಲ್ಲಿ ಹೇಳಿದ್ದ. ಬ್ರೌಸರ್‌ನ ಕಸ ಗುಡಿಸಿದರೆ ಸರಿಹೋಗುತ್ತದೆ ಎಂದು ನಾನೇ ಎಲ್ಲೋ ಓದಿದ್ದೆ. ಗುಡಿಸುವ ಜಾಗದಲ್ಲಿ ಮೂರು ಚೌಕಗಳಿರುತ್ತವೆ. ಒಂದು, ನೋಡಿದ ಪುಟಗಳ ಪಟ್ಟಿ. ಇನ್ನೊಂದು, ಕ್ಯಾಶ್ ಎಂದು ಕರೆಯುವ ತಾತ್ಕಾಲಿಕ ಚಿತ್ರಗಳು, ಫೈಲುಗಳು. ಮತ್ತೊಂದು, ಕುಕಿಗಳು ಹಾಗೂ ಸೈಟುಗಳ ಡೇಟಾ. ಮೊದಲ ಎರಡನ್ನು ಗುಡಿಸಿದರೆ ನಕ್ಷೆಗೆ ಏನೂ ಆಗುವುದಿಲ್ಲ. ನಾನು ಉದಾರವಾಗಿ ಮೂರಕ್ಕೂ ಗುರುತು ಹಾಕಿ ಒತ್ತಿದೆ. ಮೊಮ್ಮಗಳ ನಕ್ಷೆ ಇದ್ದದ್ದು ಕೊನೆಯದರಲ್ಲಿ.

ಇಲ್ಲಿ ತಂತ್ರಾಂಶದ ತಪ್ಪೇನೂ ಇಲ್ಲ. ಉಳಿಸುವ ಗುಂಡಿ ಒತ್ತಿದಾಗ ಎಲ್ಲಿ ಉಳಿಸಲಿ ಎಂದು ಅದು ಕೇಳುತ್ತದೆ. ಬ್ರೌಸರ್‌ನ ಒಳಗಿನ ಜಾಗದಲ್ಲೋ, ನಿಮ್ಮ ಕಂಪ್ಯೂಟರಿನಲ್ಲಿ ಒಂದು ಫೈಲಾಗಿಯೋ? ಮಕ್ಕಳು ಮೊದಲನೆಯದನ್ನು ಒತ್ತುತ್ತಾರೆ, ಏಕೆಂದರೆ ಅದು ಬೇಗ. ಆದರೆ ಬ್ರೌಸರ್‌ನ ಜಾಗ ಎಂದರೆ ಬಾಡಿಗೆ ಕೋಣೆ. ಬೇರೆ ಬ್ರೌಸರ್ ತೆರೆದರೆ ಅಲ್ಲಿ ನಕ್ಷೆ ಇರುವುದಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೂ ಇರುವುದಿಲ್ಲ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ಮಾಡಿದ್ದರೆ ಕಿಟಕಿ ಮುಚ್ಚಿದ ಕ್ಷಣವೇ ಹೋಯಿತು. ಅಜ್ಜ ಗುಡಿಸಿದರೂ ಹೋಯಿತು. ಕಂಪ್ಯೂಟರಿಗೆ ಉಳಿಸಿದರೆ ಡಾಟ್ ಮ್ಯಾಪ್ ಎಂದು ಕೊನೆಯಾಗುವ ಫೈಲು ಡೌನ್‌ಲೋಡ್ಸ್ ಫೋಲ್ಡರಿಗೆ ಬಂದು ಬೀಳುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಬಹುದು, ಮಗನಿಗೆ ಮೇಲ್ ಮಾಡಬಹುದು, ಹೆಸರಿನ ಜತೆ ತಾರೀಕು ಸೇರಿಸಿ ವಾರಕ್ಕೊಂದು ಪ್ರತಿ ಇಡಬಹುದು. ಈ ತಂತ್ರಾಂಶದಲ್ಲಿ ಮಾಡಿದ್ದನ್ನೆಲ್ಲ ಒಂದೊಂದೇ ಹೆಜ್ಜೆ ಹಿಂದಕ್ಕೆ ತರುವ ಗುಂಡಿ ಎಲ್ಲ ಕಡೆಯೂ ಇಲ್ಲ. ಹಳೆಯ ಪ್ರತಿಯೇ ಹಿಂದಕ್ಕೆ ಹೋಗುವ ದಾರಿ.

ಸಂಜೆ ಶಾಲೆಯಿಂದ ಬಂದವಳು ಪುಟ ತೆರೆದಳು. ಎದುರಿಗೆ ಯಾವುದೋ ಗುರುತೇ ಇಲ್ಲದ ನಾಡು. “ಅಜ್ಜಾ, ಏನ್ ಮಾಡ್ದೆ?” ಎಂದಳು. ಅವಳು ಬೇರೆ ಯಾರನ್ನೂ ಕೇಳಲಿಲ್ಲ ಎಂಬುದನ್ನು ಗಮನಿಸಿ. ಎರಡು ದಿನ ನನ್ನೊಡನೆ ಮಾತಿಲ್ಲ. ಮೂರನೆಯ ದಿನ ಉಪ್ಪಿನಕಾಯಿ ಬೇಕಾದಾಗಲೂ ಅಜ್ಜಿಯ ಮೂಲಕವೇ ಕೇಳಿಸಿದಳು.

ಇಲ್ಲಿ ಒಂದು ಮಾತು. ನಕ್ಷೆ ಕಾಣಿಸಲಿಲ್ಲ ಎಂದರೆ ಎಲ್ಲ ಸಲವೂ ಅಳಿಸಿಹೋಯಿತು ಎಂದಲ್ಲ. ಅದಕ್ಕೂ ಮುಂಚೆ ನಮ್ಮನೆಯಲ್ಲಿ ನಾಲ್ಕೈದು ಸಲ “ಹೋಯ್ತು, ಹೋಯ್ತು” ಎಂಬ ಕೂಗು ಎದ್ದಿತ್ತು. ಒಂದು ಸಲವೂ ನಿಜವಾಗಿ ಹೋಗಿರಲಿಲ್ಲ.

ಮೊದಲ ಕೂಗು ಊರಿನ ಹೆಸರುಗಳು ಮಾಯವಾದಾಗ. ಈ ನಕ್ಷೆ ಒಂದೇ ಹಾಳೆಯಲ್ಲ. ಒಂದರ ಮೇಲೊಂದು ಇಟ್ಟ ತೆಳು ಹಾಳೆಗಳ ಕಟ್ಟು ಎಂದುಕೊಳ್ಳಿ. ನದಿಗಳದೊಂದು ಹಾಳೆ, ಗಡಿಗಳದೊಂದು, ಹೆಸರುಗಳದೊಂದು, ಬೆಟ್ಟಗಳ ಚಿತ್ರಗಳದೊಂದು. ಇವನ್ನು ಲೇಯರ್ ಎನ್ನುತ್ತಾರೆ. ಎಡಗಡೆಯ ಮೆನುವಿನಲ್ಲಿ ಲೇಯರ್ಸ್ ಎಂಬಲ್ಲಿ ಒಂದೊಂದರ ಹೆಸರಿನ ಮೇಲೆ ಒತ್ತಿದರೆ ಆ ಹಾಳೆ ಮರೆಯಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಬರುತ್ತದೆ. ತಮಾಷೆ ಎಂದರೆ ಕೀಲಿಮಣೆಯ ಒಂದೊಂದು ಅಕ್ಷರವೂ ಇದೇ ಕೆಲಸ ಮಾಡುತ್ತದೆ. ಎಲ್ ಒತ್ತಿದರೆ ಹೆಸರುಗಳು, ವಿ ಒತ್ತಿದರೆ ನದಿಗಳು. ಹೆಸರು ಬರೆಯುವ ಚೌಕದೊಳಗೆ ಕ್ಲಿಕ್ ಮಾಡದೆ ನಮ್ಮಾಕೆ ಸಾವಕಾಶವಾಗಿ ಒಂದು ಊರಿನ ಹೆಸರು ಟೈಪ್ ಮಾಡಿದಳು. ಪ್ರತಿ ಅಕ್ಷರಕ್ಕೂ ನಕ್ಷೆಯಿಂದ ಏನೋ ಒಂದು ಎದ್ದುಹೋಯಿತು. ಹೊಳೆ ಬತ್ತಿತು, ಗಡಿ ಅಳಿಯಿತು. ಮೊಮ್ಮಗಳು ಕಿರುಚಿದಳು. ಲೇಯರ್ಸ್‌ಗೆ ಹೋಗಿ ಒಂದೊಂದನ್ನೇ ಒತ್ತಿದಾಗ ಎಲ್ಲವೂ ಇದ್ದಲ್ಲೇ ಇತ್ತು.

ಎರಡನೆಯ ಕೂಗು ನಿಜಕ್ಕೂ ಅಪಾಯದ ಹತ್ತಿರ ಹೋಗಿತ್ತು. ಕಥೆಯ ಪ್ರಕಾರ ಹೊಳೆ ಮಂಜಿನಪೇಟೆಯ ಪಕ್ಕ ಹರಿಯಬೇಕು. ನಕ್ಷೆಯಲ್ಲಿ ಅದು ದೂರದಲ್ಲೆಲ್ಲೋ ತಿರುಗಿ ಕಡಲಿಗೆ ಹೋಗುತ್ತಿತ್ತು. ಎಳೆದರೆ ಬರುವುದಿಲ್ಲವೇ ಎಂದು ಮೊಮ್ಮಗಳು. ಇಲ್ಲಿ ನನ್ನ ಹಳೆಯ ಭೂಗೋಳದ ಮೇಷ್ಟ್ರುತನ ಕೆಲಸಕ್ಕೆ ಬಂತು. ಈ ತಂತ್ರಾಂಶ ನೆಲದ ಎತ್ತರವನ್ನು ಮೊದಲು ಹಾಕಿ, ಮಳೆ ಎಲ್ಲಿ ಬೀಳುತ್ತದೆಂದು ಲೆಕ್ಕ ಮಾಡಿ, ಆಮೇಲೆ ನೀರನ್ನು ತಗ್ಗಿಗೆ ಹರಿಸುತ್ತದೆ. ನಮ್ಮ ಶರಾವತಿ, ಕಾವೇರಿ ಮಾಡುವುದೂ ಅದನ್ನೇ. ಹೊಳೆ ಬೇಕಾದರೆ ಮೊದಲು ತಗ್ಗು ಮಾಡಬೇಕು. ಹಾಗಾಗಿ ಟೂಲ್ಸ್ ಎಂಬಲ್ಲಿ ಎತ್ತರದ ನಕ್ಷೆಯನ್ನು ತಿದ್ದಲು ಹೋದೆವು. ಅದು ಕೇಳಿತು: ಇರೇಸ್, ಕೀಪ್, ರಿಸ್ಕ್, ಯಾವುದು?

ಎಷ್ಟೋ ಮಕ್ಕಳು ತಮ್ಮ ರಾಜ್ಯ ಕಳೆದುಕೊಳ್ಳುವುದು ಈ ಪ್ರಶ್ನೆಯ ಮುಂದೆ. ಇರೇಸ್ ಎಂದರೆ ಊರು, ರಾಜ್ಯ, ನದಿ ಎಲ್ಲ ಒರೆಸಿ ನೆಲದಿಂದ ಹೊಸದಾಗಿ ಶುರು. ಕೀಪ್ ಎಂದರೆ ಇದ್ದದ್ದೆಲ್ಲ ಇರಲಿ, ಎತ್ತರ ಮಾತ್ರ ತಿದ್ದುತ್ತೇನೆ ಎಂದು. ಆದರೆ ಆಗ ಕಡಲನ್ನು ನೆಲ ಮಾಡಲಾಗದು, ನೆಲವನ್ನು ಕಡಲು ಮಾಡಲಾಗದು. ರಿಸ್ಕ್ ಎಂದರೆ ಕಡಲತೀರವನ್ನೂ ಬದಲಿಸುತ್ತೇನೆ, ಬಹುಪಾಲು ಉಳಿಸಿಕೊಡು, ಅಲ್ಲಲ್ಲಿ ಎಡವಟ್ಟಾದರೆ ಆಮೇಲೆ ನೋಡಿಕೊಳ್ಳುತ್ತೇನೆ ಎಂದು. ಹೊಸದಾಗಿ ಶುರು ಮಾಡುವಾಗ ಇರೇಸ್ ಸರಿ. ಊರುಗಳಿಗೆ ಹೆಸರಿಟ್ಟ ಮೇಲೆ ಅದನ್ನು ಮುಟ್ಟಬೇಡಿ. ಯಾವುದನ್ನು ಒತ್ತುವ ಮುಂಚೆಯೂ ಒಂದು ಪ್ರತಿ ಉಳಿಸಿ. ಆವತ್ತು ಮೊಮ್ಮಗಳ ಬೆರಳು ಇರೇಸ್ ಮೇಲೇ ಇತ್ತು. ಪಟ್ಟಿಯಲ್ಲಿ ಅದೇ ಮೊದಲು ಕಂಡದ್ದು ಎಂದಳು. ಅಷ್ಟರಲ್ಲಿ ಅಜ್ಜಿ, “ಹೊಳೆ ಇದ್ದಲ್ಲೇ ಇರ್ಲಿ ಬಿಡು, ಮಂಜಿನಪೇಟೆಯವರು ದೂರದಿಂದ ನೀರು ಹೊರ್ತಿದ್ರು” ಎಂದು ಕಥೆಯನ್ನೇ ತಿದ್ದಿಬಿಟ್ಟಳು. ಕೆಲವು ಸಮಸ್ಯೆಗೆ ಇದೂ ಒಂದು ಪರಿಹಾರ.

ಮೂರನೆಯದು ದೂರದ ತಕರಾರು. ಉಪ್ಪಿನವನು ಏಳು ದಿನ ನಡೆಯುತ್ತಾನೆ. ಎತ್ತಿನ ಜತೆ ದಿನಕ್ಕೆ 30 ಕಿಲೋಮೀಟರ್ ಎಂದರೂ ಒಟ್ಟು 210. ನಕ್ಷೆಯ ಅಳತೆಪಟ್ಟಿ ಹಿಡಿದರೆ 900 ದಾಟುತ್ತಿತ್ತು. ನಾಡನ್ನು ಕುಗ್ಗಿಸಬೇಕಿಲ್ಲ. ಟೂಲ್ಸ್ ಒಳಗೆ ಯೂನಿಟ್ಸ್ ಎಂಬಲ್ಲಿ ಪರದೆಯ ಒಂದು ಚುಕ್ಕಿ ಎಷ್ಟು ಕಿಲೋಮೀಟರಿಗೆ ಸಮ ಎಂದು ಬರೆಯುವ ಜಾಗವಿದೆ. ಅದನ್ನು ಕಾಲುಭಾಗಕ್ಕೆ ಇಳಿಸಿದೆವು. ನಕ್ಷೆ ಹಾಗೇ ಇತ್ತು, ಉಪ್ಪಿನವನ ಕಾಲು ಉಳಿಯಿತು.

ಕಂಪ್ಯೂಟರು ಹೆಣಗಾಡುತ್ತಿದ್ದರೆ ನನ್ನ ಹಾಗೆ ಪೊರಕೆ ಹಿಡಿಯಬೇಡಿ. ಆಪ್ಷನ್ಸ್‌ನಲ್ಲಿ ನಕ್ಷೆಯನ್ನು ಎಷ್ಟು ಬಿಂದುಗಳಾಗಿ ಒಡೆಯಬೇಕು ಎಂಬ ಸಂಖ್ಯೆ ಇದೆ. ಸಾಮಾನ್ಯವಾಗಿ 10 ಸಾವಿರ. ಒಂದು ಲಕ್ಷದವರೆಗೂ ಏರಿಸಬಹುದು, ಏರಿಸಿದ ಮಕ್ಕಳ ಹಳೆಯ ಲ್ಯಾಪ್‌ಟಾಪುಗಳು ಫ್ಯಾನ್ ತಿರುಗಿಸುತ್ತ ನಿಂತುಬಿಡುತ್ತವೆ. ಹೊಸ ನಕ್ಷೆ ಶುರು ಮಾಡುವಾಗಲೇ 10 ಸಾವಿರದಲ್ಲಿ ಬಿಡಿ. ಬೆಟ್ಟದ ಚಿತ್ರಗಳ ಹಾಳೆಯನ್ನೂ ಕಾಗದದಂಥ ಹಿನ್ನೆಲೆಯನ್ನೂ ಕೆಲಸ ಮಾಡುವಾಗ ಮುಚ್ಚಿಟ್ಟು, ಕೊನೆಗೆ ತೆರೆದರೆ ಸಾಕು.

ಇನ್ನು ಕನ್ನಡದ ಅಕ್ಷರ. ಇದು ನಮ್ಮದೇ ತಲೆನೋವು, ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗುವುದಿಲ್ಲ. ಬ್ರೌಸರ್‌ನಲ್ಲಿ ನಡೆಯುವ ತಂತ್ರಾಂಶಗಳಲ್ಲಿ ಒತ್ತಕ್ಷರ ಸಾಮಾನ್ಯವಾಗಿ ಸರಿಯಾಗಿ ಕೂರುತ್ತದೆ, ಏಕೆಂದರೆ ಅಕ್ಷರ ಜೋಡಿಸುವ ಕೆಲಸ ಬ್ರೌಸರ್‌ನದು. ಇಳಿಸಿಕೊಂಡು ಬಳಸುವ ಕೆಲವು ತಂತ್ರಾಂಶಗಳಲ್ಲಿ ಮಾತ್ರ ‘ಚಂದ್ರಗಿರಿ’ ಎಂದು ಬರೆದರೆ ‘ಚಂದ್‌ರಗಿರಿ’ ಎಂದು ಒಡೆದು ನಿಲ್ಲುತ್ತದೆ. ಫಾಂಟ್ ಬದಲಿಸಿದರೆ ಇದು ಹೋಗುವುದಿಲ್ಲ, ಅದಕ್ಕೆ ಕನ್ನಡ ಜೋಡಿಸಲು ಬರುವುದೇ ಇಲ್ಲ. ಹೆಸರುಗಳಿಲ್ಲದ ನಕ್ಷೆಯನ್ನು ಚಿತ್ರವಾಗಿ ಉಳಿಸಿ, ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ತೆರೆದು ಅಲ್ಲಿ ಹೆಸರು ಬರೆಯಿರಿ. ಇನ್ನೊಂದು ಬಗೆಯ ಎಡವಟ್ಟಿದೆ. ಅಜ್ಜ ನುಡಿಯ ಹಳೆಯ ಕ್ರಮದಲ್ಲಿ ಟೈಪ್ ಮಾಡಿ ಅಂಟಿಸಿದ ಹೆಸರು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುವುದು. ಅದಕ್ಕೆ ಮದ್ದು ಯೂನಿಕೋಡ್‌ನಲ್ಲಿ ಟೈಪ್ ಮಾಡುವುದು, ಅಷ್ಟೇ.

ಹೆಸರಿನ ವಿಷಯ ಬಂತಲ್ಲ, ಒಂದು ಖುಷಿಯ ಸಂಗತಿ ಹೇಳದೆ ಮುಂದೆ ಹೋಗಲಾರೆ. ಈ ತಂತ್ರಾಂಶ ಊರಿನ ಹೆಸರು ಕಟ್ಟಲು ಹಲವು ಭಾಷೆಗಳ ಊರಪಟ್ಟಿಗಳನ್ನು ಒಳಗಿಟ್ಟುಕೊಂಡಿದೆ. ಅವುಗಳಲ್ಲಿ ಒಂದರ ಹೆಸರೇ ‘ಕರ್ನಾಟಕ’! ಅಂಕೋಲಾ, ಆಳಂದ, ಆನೇಕಲ್ ಮೊದಲಾದ ನಮ್ಮ ಊರುಗಳನ್ನು ಉಚ್ಚಾರದ ತುಂಡುಗಳಾಗಿ ಕತ್ತರಿಸಿ, ಒಂದರ ತಲೆಗೆ ಇನ್ನೊಂದರ ಬಾಲ ಅಂಟಿಸಿ ಹೊಸ ಹೆಸರು ಮಾಡುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರುವ ಆ ಹೆಸರುಗಳನ್ನು ಓದಿದರೆ ಬಸ್ಸಿನ ಫಲಕದಲ್ಲಿ ಎಂದೋ ನೋಡಿದಂತೆ ಅನ್ನಿಸುತ್ತದೆ, ಆದರೆ ಅಂಥ ಊರು ಎಲ್ಲೂ ಇಲ್ಲ. ಸಂಸ್ಕೃತಿಗಳನ್ನು ತಿದ್ದುವ ಪಟ್ಟಿಯಲ್ಲಿ ಈ ಊರಪಟ್ಟಿಯನ್ನು ಆರಿಸಿಕೊಳ್ಳಬಹುದು. ನನ್ನಾಕೆಗೆ ಇದು ಅಷ್ಟು ಹಿಡಿಸಲಿಲ್ಲ. “ನಾನಿರುವಾಗ ಹೆಸರಿಡೋಕೆ ಅದ್ಯಾಕ್ರೀ?” ಎಂದಳು.

ಈಗ ಅಳಿಸಿದ ರಾಜ್ಯಕ್ಕೆ ಬರೋಣ.

ಮೂರನೆಯ ದಿನ ರಾತ್ರಿ ಮೊಮ್ಮಗಳ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಉದ್ದನೆಯ ಸಂಖ್ಯೆ ಕಂಡಿತು. ಸುತ್ತ ಹೂವಿನ ಬಳ್ಳಿ ಬಿಡಿಸಿದ್ದಳು. ಏನಿದು ಎಂದೆ. ನಾನು ಮಾಡಿದ್ದನ್ನು ಮರೆತು ಉತ್ತರ ಕೊಟ್ಟುಬಿಟ್ಟಳು: “ಅದು ನಮ್ಮ ರಾಜ್ಯದ ಫೋನ್ ನಂಬರ್.” ಆಪ್ಷನ್ಸ್‌ನಲ್ಲಿ ಕಂಡ ಸಂಖ್ಯೆಯನ್ನು ಮೊದಲ ದಿನ ಆಟಕ್ಕೆಂದು ಬರೆದುಕೊಂಡಿದ್ದಳಂತೆ.

ಅದು ಸೀಡ್, ಅಂದರೆ ಬೀಜಸಂಖ್ಯೆ. ತಂತ್ರಾಂಶ ನಾಡನ್ನು ಹುಟ್ಟಿಸುವುದು ಈ ಸಂಖ್ಯೆಯಿಂದ. ಅದೇ ಬೀಜ ಹಾಕಿದರೆ ಅದೇ ನಾಡು ಮತ್ತೆ ಹುಟ್ಟುತ್ತದೆ. ಕೈ ನಡುಗುತ್ತ ಸಂಖ್ಯೆ ಹಾಕಿ ಎಂಟರ್ ಒತ್ತಿದೆ. ಬಂದದ್ದು ಬೇರೆ ಯಾವುದೋ ದ್ವೀಪ. ಮೊಮ್ಮಗಳು ಮುಖ ತಿರುಗಿಸಿದಳು.

ಬೀಜ ಒಂದೇ ಸಾಲದು, ಹೊಲವೂ ಅದೇ ಆಗಿರಬೇಕು ಎಂದು ಆಮೇಲೆ ತಿಳಿಯಿತು. ನಕ್ಷೆಯ ಅಗಲ-ಎತ್ತರ, ಬಿಂದುಗಳ ಸಂಖ್ಯೆ, ಉಳಿದ ಆಯ್ಕೆಗಳು ಎಲ್ಲವೂ ಮೊದಲಿನಂತೆಯೇ ಇದ್ದರೆ ಮಾತ್ರ ಅದೇ ನಾಡು ಬರುತ್ತದೆ. ನಾವೇನೂ ಬದಲಿಸದಿದ್ದರೆ ನಕ್ಷೆಯ ಅಳತೆ ಬ್ರೌಸರ್ ಕಿಟಕಿಯ ಅಳತೆಯೇ. ನಾನು ಕಿಟಕಿಯನ್ನು ಅರ್ಧ ಮಾಡಿಕೊಂಡು ಪಕ್ಕದಲ್ಲಿ ಕ್ರಿಕೆಟ್ ಸ್ಕೋರು ಇಟ್ಟುಕೊಂಡಿದ್ದೆ! ಸ್ಕೋರು ಮುಚ್ಚಿ, ಕಿಟಕಿಯನ್ನು ಪೂರ್ತಿ ಹಿಗ್ಗಿಸಿ, ಪುಟವನ್ನು ಹೊಸದಾಗಿ ತೆರೆದು ಮತ್ತೆ ಬೀಜ ಹಾಕಿದೆವು. ಎಡಗಡೆ ಆನೆಯ ಸೊಂಡಿಲಿನಂಥ ಕಡಲತೀರ ಮೂಡಿತು. “ಅಲ್ನೋಡು ಉಪ್ಪಿನಕೋಟೆ!” ಎಂದು ಮೊಮ್ಮಗಳು ಕುರ್ಚಿಯಿಂದ ಎದ್ದುಬಿಟ್ಟಳು.

ನೆಲ ಬಂತು, ಹೊಳೆ ಬಂತು, ಊರಿನ ಚುಕ್ಕಿಗಳು ಬಂದವು. ನಾವು ಇಟ್ಟ ಹೆಸರುಗಳು ಬರಲಿಲ್ಲ. ಬೀಜದಲ್ಲಿ ಇರುವುದು ಯಂತ್ರ ಮಾಡಿದ್ದು ಮಾತ್ರ, ನಾವು ತಿದ್ದಿದ್ದಲ್ಲ.

ಹೀಗೆ ನಕ್ಷೆ ಕಳೆದುಕೊಂಡವರಲ್ಲಿ ನಾವೇ ಮೊದಲಿಗರಲ್ಲ. ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬಲ್ಲಿ, ಮಳೆ ಹಿಡಿದು ಮನೆಯೊಳಗೇ ಕೂತ ದಿನಗಳಲ್ಲಿ, ಹೆಂಡತಿಯ ಮಗನಾದ ಶಾಲಾ ಹುಡುಗನ ಜತೆ ಆಟವಾಡುತ್ತ ಒಂದು ದ್ವೀಪದ ನಕ್ಷೆ ಬರೆದ. ಕಥೆ ಹುಟ್ಟಿದ್ದೇ ಆ ನಕ್ಷೆಯಿಂದ. ಪುಸ್ತಕವಾಗುವ ಹೊತ್ತಿಗೆ ಪ್ರಕಾಶಕರಿಗೆ ಕಳಿಸಿದ ನಕ್ಷೆ ಕಳೆದುಹೋಯಿತು, ಅವನಲ್ಲಿ ಇನ್ನೊಂದು ಪ್ರತಿ ಇರಲಿಲ್ಲ. ಕೊನೆಗೆ ತನ್ನದೇ ಕಥೆಯನ್ನು ಮೊದಲಿಂದ ಓದಿ, ಎಲ್ಲೆಲ್ಲಿ ಏನಿದೆ ಎಂದು ಪಟ್ಟಿಮಾಡಿ, ಅದಕ್ಕೆ ಹೊಂದುವಂತೆ ಕಷ್ಟಪಟ್ಟು ಇನ್ನೊಂದನ್ನು ಮಾಡಬೇಕಾಯಿತು. 1883ರಲ್ಲಿ ಬಂದ ಪುಸ್ತಕದಲ್ಲಿ ಇದ್ದದ್ದು ಈ ಎರಡನೆಯದು. ಅದು ಚೆನ್ನಾಗಿಯೇ ಇದ್ದರೂ ತನ್ನ ಪಾಲಿಗೆ ಅದು ಆ ದ್ವೀಪವಾಗಲೇ ಇಲ್ಲ ಎಂದು ಮುಂದೆ ಬರೆದುಕೊಂಡ.

ನಮ್ಮನೆಯಲ್ಲೂ ಅದೇ ನಡೆಯಿತು. ಅಜ್ಜಿ ಕಥೆಯನ್ನು ಮೊದಲಿಂದ ಹೇಳಬೇಕಾಯಿತು. ಹನ್ನೊಂದು ರಾತ್ರಿ ಹಿಡಿಯಿತು. ಈ ಸಲ ನಾನೂ ಕೂತೆ, ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಗುಮಾಸ್ತನಾಗಿ. ನಲವತ್ತೆರಡು ವರ್ಷ ಸಂಸಾರ ಮಾಡಿದರೂ ಅವಳು ಹೀಗೆ ಕಥೆ ಹೇಳುವುದನ್ನು ನಾನು ಪೂರ್ತಿ ಕೇಳಿದ್ದು ಇದೇ ಮೊದಲು. ನಗುವಳ್ಳಿಯಲ್ಲಿ ಎಲ್ಲರೂ ಏಕೆ ನಗುತ್ತಾರೆ, ಏಳುಬಾವಿಯಲ್ಲಿ ಎಂಟನೆಯದನ್ನು ಯಾರು ತೋಡಿದರು, ನನಗೆ ಈಗ ಗೊತ್ತು. ಪ್ರತಿ ರಾತ್ರಿಯ ಕೊನೆಗೆ ಮೊಮ್ಮಗಳು ನಕ್ಷೆಯನ್ನು ಕಂಪ್ಯೂಟರಿಗೆ ಉಳಿಸಿ, ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವನ್ನು ತನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಆ ಪೆಟ್ಟಿಗೆ ಮುಟ್ಟಲು ನನಗೆ ಅನುಮತಿಯಿಲ್ಲ.

ಮುಗಿದ ಮೇಲೆ ಮುದ್ರಿಸಿದೆವು. ಅದರಲ್ಲೂ ಎರಡು ಎಡವಟ್ಟು. ಪಿಎನ್‌ಜಿ ಚಿತ್ರವಾಗಿ ಉಳಿಸಿದರೆ ಪರದೆಯಲ್ಲಿ ಆಗ ಕಾಣುತ್ತಿರುವ ಭಾಗ ಮಾತ್ರ ಬರುತ್ತದೆ. ನಾವು ಗೂಬೆಗುಡ್ಡವನ್ನು ದೊಡ್ಡದು ಮಾಡಿ ನೋಡುತ್ತಿದ್ದೆವು, ಗೂಬೆಗುಡ್ಡ ಮಾತ್ರ ಬಂತು. ಮೊದಲು ಝೂಮ್ ರೀಸೆಟ್ ಒತ್ತಿ. ಎರಡನೆಯದು, ಕಾಗದದ ಮೇಲೆ ಅಕ್ಷರ ಮಸುಕು. ಎ4 ಹಾಳೆಯಲ್ಲಿ ಚೊಕ್ಕವಾಗಿ ಮೂಡಲು 2480 ಗುಣಿಸು 3508 ಚುಕ್ಕಿಗಳು ಬೇಕು, ನಮ್ಮ ಪರದೆ 1920 ಗುಣಿಸು 1080. ಉಳಿಸುವಾಗ ಎಷ್ಟು ಪಟ್ಟು ಎಂದು ಕೇಳುವ ಜಾರುಗುಂಡಿಯನ್ನು ಮೂರಕ್ಕೆ ಸರಿಸಿದರೆ ಸರಿಹೋಯಿತು. ಫೈಲೇ ಬರುತ್ತಿಲ್ಲ ಎಂದರೆ ಬ್ರೌಸರ್ ಪಾಪ್-ಅಪ್ ಕಿಟಕಿಗಳನ್ನು ತಡೆದಿದೆಯೇ ನೋಡಿ.

ನಕ್ಷೆ ಈಗ ಊಟದ ಮನೆಯ ಗೋಡೆಯ ಮೇಲಿದೆ. 40 ಊರುಗಳಿಗೆ ಹೆಸರು ಬಂದಿದೆ. ಉಪ್ಪಿನವನು ಐದನೆಯ ರಾತ್ರಿ ತಂಗಿದ ಊರಿನದು ಮಾತ್ರ ಯಾರಿಗೂ ನೆನಪಾಗುತ್ತಿಲ್ಲ. ಕಥೆ ನೆನಪಿದೆ. ಅಲ್ಲೊಬ್ಬ ಮುದುಕಿ ಅವನಿಗೆ ಮಜ್ಜಿಗೆ ಕೊಟ್ಟು, ಬದಲಿಗೆ ಉಪ್ಪು ಬೇಡ ಎಂದಳು. ಹೊಸ ಹೆಸರಿಡೋಣ ಎಂದು ನಾನು ಅಂದದ್ದಕ್ಕೆ ಇಬ್ಬರೂ ಒಪ್ಪಲಿಲ್ಲ. ಆ ಚುಕ್ಕಿಯ ಮುಂದೆ ಮೊಮ್ಮಗಳು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ. ಊಟಕ್ಕೆ ಕೂತಾಗಲೆಲ್ಲ ಅಜ್ಜಿ ಅತ್ತ ನೋಡುತ್ತಾಳೆ, “ಮ ಅಕ್ಷರದಿಂದ ಶುರು ಆಗ್ತಿತ್ತು ಕಣೇ” ಎನ್ನುತ್ತಾಳೆ, ಮತ್ತೆ ಅನ್ನ ಕಲಸುತ್ತಾಳೆ.